ಅಂಕಪಟ್ಟಿಯಲ್ಲಿ ಕಾಲಂ ಇಲ್ಲದವರು

ಕರ್ನಾಟಕದ ಕ್ರಿಕೆಟ್ಟಿನ ಮಾತು ಬಂದಾಗಲೆಲ್ಲ ಕೆಲವು ಹೆಸರುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್; ಮುಂದಿನ ಪೀಳಿಗೆಯವರಿಗಾದರೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್. ಇವರೆಲ್ಲ ಬ್ಯಾಟಿನಿಂದಲೋ ಚೆಂಡಿನಿಂದಲೋ ಹೆಸರಾದವರು. ಆದರೆ ಈ ಆಟದಲ್ಲಿ ಮೂರನೆಯದೊಂದು ಕೆಲಸವಿದೆ. ಗೂಟಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂರುವುದು, ದಾಂಡಿಗನ ಮೂಗಿನಡಿ ನಿಂತು ಅಂಗೈ ಒಡ್ಡುವುದು, ಬಿಸಿಲಿನಲ್ಲಿ ದಿನವಿಡೀ ಓಡಿ ನಾಲ್ಕನ್ನು ಎರಡು ಮಾಡುವುದು. ನಮ್ಮ ರಾಜ್ಯದಲ್ಲಿ ಈ ಮೂರನೆಯ ಕೆಲಸವನ್ನು ಅತ್ಯುತ್ತಮವಾಗಿ ಮಾಡಿದವರು ಯಾರು ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನ ತಲೆಯಲ್ಲಿದೆ.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಫೋನಿನಲ್ಲಿ ಮಾತನಾಡುವಾಗ ಅಲ್ಲಿನ ಫುಟ್‌ಬಾಲಿನ ಸಂಗತಿ ಹೇಳಿದ. ಅಲ್ಲಿ ದಾಳಿಗೊಂದು ಹನ್ನೊಂದು ಜನ, ರಕ್ಷಣೆಗೊಂದು ಹನ್ನೊಂದು ಜನ. ಚೆಂಡನ್ನು ಒದೆಯುವ, ಒದ್ದ ಚೆಂಡನ್ನು ಹಿಡಿದು ಓಡುವ ಗಳಿಗೆಗಳಿಗೆಂದೇ ಮೂರನೆಯದೊಂದು ತಂಡ. ಅದಕ್ಕೆ ‘ಸ್ಪೆಷಲ್ ಟೀಮ್ಸ್’ ಎಂದು ಹೆಸರಂತೆ. ಕಾಲೇಜುಗಳು ಅವರ ದಾಖಲೆಗಳನ್ನು ಬೇರೆಯಾಗಿಯೇ ಇಟ್ಟಿರುತ್ತವಂತೆ. ಕೇಳಿ ಹೊಟ್ಟೆಕಿಚ್ಚಾಯಿತು. ನಮ್ಮ ಕ್ರಿಕೆಟ್ಟಿನ ಅಂಕಪಟ್ಟಿಯನ್ನು ನೋಡಿ: ದಾಂಡಿಗನಿಗೆ ಓಟ, ಎದುರಿಸಿದ ಚೆಂಡು, ಬೌಂಡರಿ ಎಲ್ಲಕ್ಕೂ ಕಾಲಂ ಉಂಟು. ಬೌಲರನಿಗೆ ಓವರು, ಮೇಡನ್, ವಿಕೆಟ್ಟು ಉಂಟು. ಕೀಪರ್ ಬಿಟ್ಟ ಬೈ ಓಟಗಳಿಗೂ ಒಂದು ಸಾಲು ಉಂಟು. ಅವನು ತಡೆದ ಬೈಗಳಿಗೆ ಮಾತ್ರ ಏನೂ ಇಲ್ಲ. ಬದಲಿ ಆಟಗಾರ ಕ್ಯಾಚ್ ಹಿಡಿದರಂತೂ ಬಹಳ ಕಾಲ ಅವನ ಹೆಸರನ್ನೇ ಬರೆಯುತ್ತಿರಲಿಲ್ಲ, ‘ಬದಲಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದರು.

ನನ್ನ ಮಟ್ಟಿಗೆ ಈ ಪಟ್ಟಿಯ ಮೊದಲ ಹೆಸರು ಸಯ್ಯದ್ ಕಿರ್ಮಾನಿಯವರದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. 1971ರಲ್ಲೇ ಇಂಗ್ಲೆಂಡ್ ಪ್ರವಾಸಕ್ಕೆ ಹೋದವರು, 1974ರಲ್ಲಿ ಮತ್ತೆ ಹೋದವರು, ಎರಡು ಬಾರಿಯೂ ಫರೂಕ್ ಎಂಜಿನಿಯರ್ ಅವರ ನೆರಳಿನಲ್ಲಿ ಕಾದು ಕುಳಿತವರು. ಮೊದಲ ಟೆಸ್ಟ್ ಆಡಲು ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಆ ಪಂದ್ಯದ ಎರಡನೆಯ ಇನಿಂಗ್ಸಿನಲ್ಲಿ ಪ್ರಸನ್ನ 76 ಓಟಕ್ಕೆ 8 ವಿಕೆಟ್ ತೆಗೆದರು. ಮುಂದಿನ ಪಂದ್ಯದಲ್ಲಿ, ಕ್ರೈಸ್ಟ್‌ಚರ್ಚಿನಲ್ಲಿ, ಕಿರ್ಮಾನಿ ಒಂದೇ ಇನಿಂಗ್ಸಿನಲ್ಲಿ ಐದು ಕ್ಯಾಚು, ಒಂದು ಸ್ಟಂಪಿಂಗ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಐದು ವರ್ಷ ಬೆಂಚಿನ ಮೇಲೆ ಕೂತವನ ಎರಡನೆಯ ಟೆಸ್ಟ್ ಅದು! ಒಟ್ಟು 88 ಟೆಸ್ಟುಗಳಲ್ಲಿ 160 ಕ್ಯಾಚು, 38 ಸ್ಟಂಪಿಂಗ್. 1983ರ ವಿಶ್ವಕಪ್ಪಿನಲ್ಲಿ ಲೀಸ್ಟರ್‌ನಲ್ಲಿ ಜಿಂಬಾಬ್ವೆ ವಿರುದ್ಧ ಒಂದೇ ಇನಿಂಗ್ಸಿನಲ್ಲಿ ಐದು ಕ್ಯಾಚ್. ಫೈನಲ್ಲಿನಲ್ಲಿ ಸಂಧು ಬೌಲಿಂಗಿನಲ್ಲಿ ಬ್ಯಾಕಸ್ ಅವರ ಕ್ಯಾಚ್. ಟೂರ್ನಿಯ ಅತ್ಯುತ್ತಮ ಕೀಪರ್ ಎಂಬ ಗೌರವವೂ ಅವರಿಗೇ ಸಂದಿತು. ಜನರಿಗೆ ಅವರ ಬೋಳುತಲೆ ನೆನಪಿದೆ. ನನಗೆ ನೆನಪಿರುವುದು ಚಂದ್ರಶೇಖರ್ ಎಂಬ ಒಗಟನ್ನು ಅವರು ಗೂಟದ ಹಿಂದೆ ನಿಂತು ಬಿಡಿಸುತ್ತಿದ್ದ ರೀತಿ.

ಚಂದ್ರಶೇಖರ್ ಅವರ ಬೌಲಿಂಗಿಗೆ ಕೀಪಿಂಗ್ ಮಾಡುವುದೆಂದರೇನು ಎಂಬುದನ್ನು ಇಂದಿನ ಹುಡುಗರಿಗೆ ತಿಳಿಸುವುದು ಕಷ್ಟ. ಪೋಲಿಯೋದಿಂದ ಸೊರಗಿದ ಬಲಗೈಯಿಂದ, ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ, ಲೆಗ್‌ಬ್ರೇಕೋ ಗೂಗ್ಲಿಯೋ ತಿಳಿಯದಂತೆ ಚೆಂಡು ಬರುತ್ತಿತ್ತು. (ಕ್ಷೇತ್ರರಕ್ಷಣೆ ಮಾಡುವಾಗ ಅವರು ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು, ತೋಟದ ಬೇಲಿ ದಾಟುವಷ್ಟು ದೊಡ್ಡ ಕಥೆ ಅದು, ಇನ್ನೊಮ್ಮೆ ಬರೆಯುತ್ತೇನೆ.) ದಾಂಡಿಗನಿಗೇ ತಿಳಿಯದ್ದು ಕೀಪರನಿಗೂ ಹತ್ತಿರ ನಿಂತವರಿಗೂ ಹೇಗೆ ತಿಳಿದೀತು? ಆದರೂ ತಿಳಿಯಲೇಬೇಕು. 58 ಟೆಸ್ಟುಗಳಲ್ಲಿ 242 ವಿಕೆಟ್ ಎಂದು ನಾವು ಹೆಮ್ಮೆಯಿಂದ ಹೇಳುವಾಗ ಅವುಗಳಲ್ಲಿ ಎಷ್ಟು ಬೇರೆಯವರ ಅಂಗೈಯಲ್ಲಿ ಮುಗಿದವು ಎಂಬುದನ್ನು ಮರೆಯುತ್ತೇವೆ. 1971ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಚಂದ್ರ 38 ಓಟಕ್ಕೆ 6 ವಿಕೆಟ್ ತೆಗೆದರು, ಸರಿ. ಅದೇ ಇನಿಂಗ್ಸಿನಲ್ಲಿ ವೆಂಕಟರಾಘವನ್ ಬೌಲಿಂಗಿಗೆ ಸೋಲ್ಕರ್ ಮುಂದಕ್ಕೆ ಬಿದ್ದು ನಾಟ್ ಅವರ ಕ್ಯಾಚನ್ನು ನೆಲದಿಂದೆಂಬಂತೆ ಎತ್ತಿಕೊಂಡರು. ಸೋಲ್ಕರ್ ಮುಂಬಯಿಯವರು, ನಮ್ಮವರಲ್ಲ. 1977ರಲ್ಲಿ ಬೆಂಗಳೂರಿನಲ್ಲೇ ಇಂಗ್ಲೆಂಡ್ ವಿರುದ್ಧ ಆಡಿದ ಟೆಸ್ಟಿನಲ್ಲಿ ಏಳು ಕ್ಯಾಚ್ ಹಿಡಿದ ಯಜುರ್ವೀಂದ್ರ ಸಿಂಗ್ ಕೂಡ ನಮ್ಮವರಲ್ಲ. ಅದು ಅವರ ಮೊಟ್ಟಮೊದಲ ಟೆಸ್ಟ್. ಆ ಸರಣಿಯಲ್ಲಿ ಭಾರತ ಗೆದ್ದದ್ದು ಅದೊಂದನ್ನೇ. ಕನ್ನಡಿಗರ ಬೌಲಿಂಗಿನ ಋಣ ಹೊರನಾಡಿನ ಕೈಗಳಿಗೂ ಇದೆ ಎಂದಷ್ಟೇ ಹೇಳಲು ಇವನ್ನು ನೆನೆದೆ.

ನಮ್ಮ ನಾಡಿಗೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ ನಮಗೆ ಮೊದಲ ರಣಜಿ ಟ್ರೋಫಿ ಬಂತು. ನಾನಾಗ ಹೊಸಪೇಟೆಯಲ್ಲಿ ಹೈಸ್ಕೂಲು ಹುಡುಗ. ಸತತ ಹದಿನೈದು ವರ್ಷ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಕೆಡವಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲಿ ಒಂದೇ ಪತ್ರಿಕೆಯನ್ನು ಹತ್ತು ಜನ ಬಗ್ಗಿ ಓದಿದ್ದರು. ಎಲ್ಲರ ಬಾಯಲ್ಲೂ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಅವರ ಶತಕಗಳು, ಪ್ರಸನ್ನ ಗಾವಸ್ಕರರ ಗೂಟ ಎಗರಿಸಿದ ಚೆಂಡು. ಆದರೆ ಆ ಪಂದ್ಯ ತಿರುಗಿದ್ದರಲ್ಲಿ ಮುಂಬಯಿಯ ನಾಯಕ ವಾಡೇಕರ್ ಕಾಲು ಜಾರಿ ರನೌಟಾದದ್ದಕ್ಕೂ ದೊಡ್ಡ ಪಾಲಿದೆ. ಕಾಲು ಜಾರಿದ್ದು ಅದೃಷ್ಟ ಎನ್ನಬಹುದು. ಜಾರಿದವನು ಎದ್ದು ಓಡುವುದರೊಳಗೆ ಚೆಂಡು ಗೂಟಕ್ಕೆ ಬಂದು ಸೇರಿದ್ದು ಅದೃಷ್ಟವಲ್ಲ. ರನೌಟು ಯಾವ ಬೌಲರನ ಲೆಕ್ಕಕ್ಕೂ ಸೇರುವುದಿಲ್ಲ ಎಂಬುದನ್ನು ಗಮನಿಸಿ. ಬ್ರಿಜೇಶರನ್ನು ಜನ ದಾಂಡಿಗರೆಂದೇ ನೆನೆಯುತ್ತಾರೆ. ನಾನು ಅವರನ್ನು ಕವರ್‌ನಲ್ಲಿ ಓಡುತ್ತಲೇ ಚೆಂಡೆತ್ತಿ ಎಸೆಯುತ್ತಿದ್ದವರೆಂದು ಈ ಪಟ್ಟಿಗೆ ಸೇರಿಸುತ್ತೇನೆ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವೊಂದಿದೆ. ಸೇವೆಯಲ್ಲಿದ್ದಾಗ ನಾನು ಗಣಿತದ ಮೇಷ್ಟ್ರಾದ್ದರಿಂದ ಅಂತರಶಾಲಾ ಪಂದ್ಯಗಳಲ್ಲಿ ಸ್ಕೋರು ಬರೆಯುವ ಕೆಲಸ ನನಗೇ ಬೀಳುತ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ತಂಡದಲ್ಲಿ ಕಮಲಾಪುರದ ಕಡೆಯ ಹುಡುಗನೊಬ್ಬನಿದ್ದ. ಅವರಪ್ಪ ಬಾಳೆತೋಟದಲ್ಲಿ ಕೂಲಿ. ಹಂಪಿಯ ಸುತ್ತಿನ ತೋಟಗಳಿಗೆ ಕೋತಿಗಳ ಕಾಟ ಎಂಥದೆಂದು ಬಲ್ಲವರೇ ಬಲ್ಲರು. ಈ ಹುಡುಗ ಐದನೇ ಇಯತ್ತೆಯಿಂದಲೇ ಕವಣೆ ಬೀಸಿ, ಕವಣೆ ಇಲ್ಲದಾಗ ಬರಿಗೈಯಿಂದ ಕಲ್ಲೆಸೆದು ತೋಟ ಕಾದವನು. ಬ್ಯಾಟು ಹಿಡಿದರೆ ಎರಡು ಚೆಂಡಿಗೆ ಔಟು, ಬೌಲಿಂಗು ಬಾರದು. ಆದರೆ ಗಡಿಗೆರೆಯಿಂದ ಅವನು ಎಸೆದ ಚೆಂಡು ನೆಲ ಮುಟ್ಟದೆ ಕೀಪರನ ಕೈಗೆ ಬರುತ್ತಿತ್ತು. “ಸರ್, ಕೋತಿ ಹೊಡಿಯಾದು ಇದ್ಕಿಂತ ಕಷ್ಟ ಐತ್ರಿ. ಅವು ಗೂಟದಂಗ ನಿಂದ್ರಂಗಿಲ್ಲ,” ಎಂದು ನಗುತ್ತಿದ್ದ.

ನಮ್ಮ ಕಡೆಯ ಮೈದಾನಗಳ ವಿಷಯವನ್ನೂ ಹೇಳಬೇಕು. ಸಂಡೂರಿನ ಕೆಂಪು ನೆಲದಲ್ಲಿ ಹುಲ್ಲಿನ ಎಸಳು ಹುಡುಕಿದರೂ ಸಿಗುತ್ತಿರಲಿಲ್ಲ. ಅಲ್ಲಿ ಚೆಂಡಿಗೆ ಹಾರಿ ಬಿದ್ದರೆ ಮೊಣಕೈ ಚರ್ಮ ಕಿತ್ತು ಬರುವುದು. ಬಿಳಿ ಅಂಗಿಗೆ ಅದಿರಿನ ಧೂಳು ಮೆತ್ತಿದರೆ ಏಳು ಒಗೆತಕ್ಕೂ ಹೋಗದು. ಮನೆಯಲ್ಲಿ ಬೈಗುಳ ತಿನ್ನಲು ಸಿದ್ಧನಿದ್ದವನು ಮಾತ್ರ ಅಲ್ಲಿ ಒಳ್ಳೆಯ ಕ್ಷೇತ್ರರಕ್ಷಕನಾಗಬಲ್ಲ. ಈ ಹುಡುಗ ಬೀಳಲು ಹಿಂಜರಿದವನಲ್ಲ.

ಕಂಪ್ಲಿಯಲ್ಲೊಂದು ಪಂದ್ಯ. ಭತ್ತದ ಗದ್ದೆಗಳ ಪಕ್ಕದ ಬಯಲು, ಹೊಳೆಯ ಕಡೆಯಿಂದ ಗಾಳಿ. ಅಂದು ನಾನು ಸ್ಕೋರುಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅವನು ತಡೆದ ಪ್ರತಿ ಓಟಕ್ಕೂ ಒಂದು ಗೀಟು ಹಾಕುತ್ತ ಹೋದೆ. ಕೊನೆಗೆ ಎಣಿಸಿದರೆ ಹದಿನೇಳು ಗೀಟು. ಜೊತೆಗೆ ಒಂದು ರನೌಟು. ನಾವು ಗೆದ್ದದ್ದು ನಾಲ್ಕು ಓಟದಿಂದ. ಬ್ಯಾಟಿಂಗಿನಲ್ಲಿ ಅವನ ಹೆಸರಿನ ಮುಂದಿದ್ದುದು ಸೊನ್ನೆ.

ಮುಂದೆ ಮೇಲಿನ ಹಂತದ ತಂಡದ ಆಯ್ಕೆಗೆ ಅವನನ್ನು ಕರೆದುಕೊಂಡು ಹೋದೆ. ಆಯ್ಕೆ ಮಾಡುವವರು ಪುಸ್ತಕ ತಿರುವಿ, “ಇವನದೇನಿದೆ ಮೇಷ್ಟ್ರೇ? ರನ್ನಿಲ್ಲ, ವಿಕೆಟ್ಟಿಲ್ಲ,” ಎಂದರು. ಅಂಚಿನ ಗೀಟುಗಳನ್ನು ತೋರಿಸಿದೆ. “ಅದು ನಿಮ್ಮ ಲೆಕ್ಕ. ನಮ್ಮ ಫಾರಂನಲ್ಲಿ ಆ ಕಾಲಂ ಇಲ್ಲವಲ್ಲ,” ಎಂದು ಫಾರಂ ಮಡಚಿದರು. ನಾನು ಚೆಂಡು ಕೊಟ್ಟು ಎಸೆಸಿ ನೋಡಿ ಎಂದು ಎರಡು ಸಲ ಕೇಳಿಕೊಂಡೆ, ಹೊತ್ತಿಲ್ಲ ಎಂದರು. ಆಯ್ಕೆಯಾಗಿದ್ದರೆ ಕ್ರೀಡಾಪಟುಗಳ ಸೀಟಿನಲ್ಲಿ ಪಿಯುಸಿಗೆ ಸೇರಿ ಹಾಸ್ಟೆಲಿನಲ್ಲಿ ಇರಬಹುದೆಂಬುದು ಅವರಪ್ಪನ ಲೆಕ್ಕವಾಗಿತ್ತು. ಎಸ್ಸೆಸ್ಸೆಲ್ಸಿಗೆ ಓದು ನಿಂತಿತು. ಗಣಿಗಾರಿಕೆ ಜೋರಾದ ವರ್ಷಗಳಲ್ಲಿ ಅವನು ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಎದುರಾದಾಗ ಹಾರ್ನು ಹೊಡೆದು ಕೈ ಎತ್ತುತ್ತಿದ್ದ. ಆ ಸ್ಕೋರುಪುಸ್ತಕ ಶಾಲೆಯ ಕಪಾಟಿನಲ್ಲಿ ಗೆದ್ದಲಿಗೆ ಹೋಯಿತು.

ಅಂಕಪಟ್ಟಿಗೆ ಸೇರದೇ ಹೋದ ಇನ್ನೊಂದು ಕ್ಯಾಚಿನ ಕಥೆ ಇದೆ. ಇದು ಜಗತ್ಪ್ರಸಿದ್ಧವಾದುದು. 1980ರ ಫೆಬ್ರವರಿ, ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಸ್ವರ್ಣ ಮಹೋತ್ಸವ ಟೆಸ್ಟ್. ಕಪಿಲ್ ದೇವ್ ಬೌಲಿಂಗಿನಲ್ಲಿ ಬಾಬ್ ಟೇಲರ್ ಅವರ ಕ್ಯಾಚ್ ಕಿರ್ಮಾನಿಯವರ ಕೈ ಸೇರಿತೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿ ನಿಂತಿದ್ದ ನಾಯಕ, ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಟೇಲರರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ 171 ಓಟ ಸೇರಿಸಿದರು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಈ ನಿರ್ಧಾರ ಸರಿಯೋ ತಪ್ಪೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆದಿದೆ. ಸರಿ ಎಂಬ ಪಕ್ಷ ನನ್ನದು. ಸ್ಲಿಪ್‌ನವನ ಕಣ್ಣು ಅಂಪೈರನ ಕಣ್ಣಿಗಿಂತ ಹತ್ತಿರವಿರುತ್ತದೆ. ಕಂಡದ್ದನ್ನು ಕಂಡಂತೆ ಹೇಳಿದವನನ್ನು ಸೋಲಿಗೆ ಹೊಣೆ ಮಾಡುವುದು ಯಾವ ನ್ಯಾಯ? ವಿಶ್ವನಾಥ್ ಅವರ 91 ಟೆಸ್ಟುಗಳ 63 ಕ್ಯಾಚುಗಳಿಗಿಂತ ಈ ಇಲ್ಲದ ಕ್ಯಾಚು ನನಗೆ ದೊಡ್ಡದು.

ಸದಾನಂದ ವಿಶ್ವನಾಥರನ್ನು ಬಿಡುವಂತಿಲ್ಲ. ಆಡಿದ್ದು ಮೂರೇ ಟೆಸ್ಟು. ಆದರೆ 1985ರ ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್ಲಿನಲ್ಲಿ ಶಿವರಾಮಕೃಷ್ಣನ್ ಅವರ ಚೆಂಡಿಗೆ ಮಿಯಾಂದಾದರನ್ನು ಸ್ಟಂಪ್ ಮಾಡಿದ್ದು ಅವರೇ. ಮಿಯಾಂದಾದ್ ಅಂದು 48 ಓಟ ಗಳಿಸಿ ಬೇರುಬಿಟ್ಟಿದ್ದರು. ಒಂದು ಟೂರ್ನಿಯ ಮಟ್ಟಿಗೆ ಅಷ್ಟು ಚುರುಕಾದ ಕೀಪಿಂಗು ನಮ್ಮವರಲ್ಲಿ ಮತ್ತೊಬ್ಬರದಿಲ್ಲ ಎಂಬುದು ನನ್ನ ಮತ; ಒಪ್ಪದವರು ಜಗಳಕ್ಕೆ ಬರಬಹುದು. ಮೂಲ್ಕಿಯ ಬುಧಿ ಕುಂದೆರನ್ ರಣಜಿ ಪಂದ್ಯ ಆಡುವ ಮೊದಲೇ, 1960ರಲ್ಲಿ, ಟೆಸ್ಟಿಗೆ ಕೀಪರ್ ಆದವರು. ಆದರೆ 1964ರಲ್ಲಿ ಮದರಾಸಿನಲ್ಲಿ ಹೊಡೆದ 192 ಅವರ ಕೀಪಿಂಗನ್ನು ಮರೆಸಿಬಿಟ್ಟಿದೆ.

ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ ಅವುಗಳಲ್ಲಿ ಐದು ಕ್ಯಾಚುಗಳು. ಒಂದು ದ್ರಾವಿಡರದು. ಕುಂಬ್ಳೆ ಬೌಲಿಂಗಿನಲ್ಲಿ ದ್ರಾವಿಡ್ ಹಿಡಿದ ಟೆಸ್ಟ್ ಕ್ಯಾಚುಗಳೇ ಐವತ್ತಕ್ಕೂ ಹೆಚ್ಚು. ಕಿರ್ಮಾನಿಯ ನಂತರದ ಸ್ಥಾನ ದ್ರಾವಿಡರದೆಂದು ನಾನು ಹೇಳುವುದು ಅವರ ಓಟಗಳಿಗಾಗಿ ಅಲ್ಲ, 164 ಟೆಸ್ಟುಗಳ 210 ಕ್ಯಾಚುಗಳಿಗಾಗಿ. ತಂಡಕ್ಕೆ ಬೇಕೆಂದಾಗ ಕೀಪರನ ಕೈಗವಸನ್ನೂ ತೊಟ್ಟರು; 2003ರ ವಿಶ್ವಕಪ್ಪಿನಲ್ಲಿ ಫೈನಲ್ಲಿನವರೆಗೆ ಕೀಪಿಂಗು ಅವರದೇ. ಈಚಿನವರಲ್ಲಿ ಕೆ.ಎಲ್. ರಾಹುಲ್ 2018ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಏಳು ಕ್ಯಾಚ್ ಹಿಡಿದರು, ಬೆಂಗಳೂರಿನಲ್ಲಿ ಯಜುರ್ವೀಂದ್ರ ಹಿಡಿದಷ್ಟೇ. ಮನೀಶ್ ಪಾಂಡೆಯ ಓಟ ನೋಡುವುದೂ ಒಂದು ಸುಖ.

ಕೀಪರ್ ಅಲ್ಲದವರಲ್ಲಿ ಅತಿ ಹೆಚ್ಚು ಟೆಸ್ಟ್ ಕ್ಯಾಚ್ ಎಂಬ ದ್ರಾವಿಡರ ದಾಖಲೆಯನ್ನು 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಜೋ ರೂಟ್ ಮುರಿದರು. ಸ್ಟೋಕ್ಸ್ ಬೌಲಿಂಗು, ಸ್ಲಿಪ್‌ನಲ್ಲಿ ಎಡಗೈಗೆ ಸಿಕ್ಕ ತಗ್ಗಿನ ಕ್ಯಾಚು, 211ನೆಯದು. ಔಟಾದ ದಾಂಡಿಗ ನಮ್ಮ ಕರುಣ್ ನಾಯರ್. ಮರುದಿನದ ಪತ್ರಿಕೆಗಳಲ್ಲಿ ಆ ಕ್ಯಾಚಿನ ಚಿತ್ರ ದೊಡ್ಡದಾಗಿ ಬಂದಿತ್ತು, ಕತ್ತರಿಸಿ ಇಟ್ಟುಕೊಂಡಿದ್ದೇನೆ.