ಲಕ್ಕಮ್ಮನ ಅಕ್ಕಿ, ಹಳೆಯ ಪಿಕಪ್ಪಿನ ಬೀಗ

ಕಾಯಕವೆಂದರೆ ದುಡಿಮೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ದುಡಿಮೆಯೆಲ್ಲವೂ ಕಾಯಕವಾಗುವುದಿಲ್ಲ. ಎಷ್ಟು ಬೇಕೋ ಅಷ್ಟನ್ನು ಮಾಡುವುದು, ಮಾಡಿದ್ದಕ್ಕೆ ಎಷ್ಟು ಸಲ್ಲಬೇಕೋ ಅಷ್ಟನ್ನೇ ಪಡೆಯುವುದು. ಈ ಎರಡು ಅಳತೆಗಳು ಕೂಡಿದಲ್ಲಿ ಮಾತ್ರ ದುಡಿಮೆಯು ಸತ್ಯಶುದ್ಧ ಕಾಯಕವೆನಿಸುತ್ತದೆ. ಈ ಮಾತು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಮಾತ್ರ ಸೇರಿದ್ದಲ್ಲ. ಕೊಟ್ಟೂರಿನ ರಸ್ತೆ ಬದಿಯ ಗ್ಯಾರೇಜಿನಲ್ಲಿ ಹಳೆಯ ಪಿಕಪ್ ವಾಹನದ ಬಾಗಿಲಿನ ಮುಂದೆ ಕುಳಿತ ಮೇಸ್ತ್ರಿಯೂ ಇದೇ ಅಳತೆಯ ಪರೀಕ್ಷೆಗೆ ಒಳಗಾಗುತ್ತಾನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳಲ್ಲಿ ಸಣ್ಣ ಸರಕು ವಾಹನವೆಂಬುದು ರೈತನ ಎರಡನೆಯ ಜೋಡೆತ್ತು. ಹಡಗಲಿಯ ಮಲ್ಲಿಗೆ, ಕೂಡ್ಲಿಗಿಯ ಶೇಂಗಾ, ಹರಪನಹಳ್ಳಿಯ ಮೆಕ್ಕೆಜೋಳ ಇವೆಲ್ಲ ಸಂತೆ ಸೇರುವುದು ಅದರ ಬೆನ್ನ ಮೇಲೆಯೇ. ಮಾಘ ಮಾಸದಲ್ಲಿ ಮೈಲಾರದ ಕಾರಣಿಕಕ್ಕೂ ಕೊಟ್ಟೂರೇಶ್ವರನ ರಥೋತ್ಸವಕ್ಕೂ ದಾಸೋಹದ ಅಕ್ಕಿ, ಬೇಳೆ, ಸೌದೆಗಳನ್ನು ಹೊತ್ತು ಬರುವುದೂ ಅದೇ. ಇಂಥ ವಾಹನಗಳಲ್ಲಿ ಹಳೆಯವು ಅನೇಕ. ಅವುಗಳಲ್ಲಿ ಗುಂಡಿ ಒತ್ತಿದರೆ ಎಲ್ಲ ಬಾಗಿಲುಗಳೂ ಒಮ್ಮೆಗೇ ಮುಚ್ಚಿಕೊಳ್ಳುವ ವ್ಯವಸ್ಥೆಯಿಲ್ಲ. ಪ್ರತಿಯೊಂದು ಬಾಗಿಲನ್ನೂ ಕೈಯಿಂದಲೇ ಬೀಗ ಹಾಕಬೇಕು, ಕೈಯಿಂದಲೇ ತೆಗೆಯಬೇಕು.

ಒಂದು ದಿನ ಆ ಬೀಗ ಕೆಡುತ್ತದೆ. ಬೀಗದ ಕೈ ತಿರುಗುತ್ತದೆ, ಬಾಗಿಲು ಮಾತ್ರ ಅಲುಗದು. ಚಾಲಕನು ಎಡಬಾಗಿಲಿನಿಂದ ಹತ್ತಿ, ಗೇರಿನ ಕೋಲನ್ನು ದಾಟಿ ತನ್ನ ಆಸನಕ್ಕೆ ಸರಿಯುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ತಿಂಗಳುಗಟ್ಟಲೆ ಹಾಗೆಯೇ ಸಾಗುತ್ತದೆ. ಕೊನೆಗೊಮ್ಮೆ ಗ್ಯಾರೇಜಿಗೆ ಬಂದು ಕೇಳುತ್ತಾನೆ: “ಅಣ್ಣಾ, ಲಾಕ್ ಪೂರಾ ಬದಲಿ ಮಾಡಬೇಕೇನು?”

ಈ ಪ್ರಶ್ನೆಯೇ ಮೇಸ್ತ್ರಿಯ ಪರೀಕ್ಷೆ. ಕೇಳುವವನಿಗೆ ಬಾಗಿಲಿನ ಒಳಗೇನಿದೆ ಎಂಬುದು ಕಾಣುವುದಿಲ್ಲ. ‘ಹೌದು’ ಎಂದುಬಿಟ್ಟರೆ ನಂಬುತ್ತಾನೆ, ಕೇಳಿದಷ್ಟು ಹಣವನ್ನೂ ಕೊಡುತ್ತಾನೆ.

ಬಲ್ಲ ಮೇಸ್ತ್ರಿ ಮೊದಲು ಬಾಗಿಲಿನ ಒಳಮೈಯನ್ನು ಬಿಚ್ಚುತ್ತಾನೆ. ಗಾಜನ್ನು ಏರಿಸಿ ಇಳಿಸುವ ಹಿಡಿಕೆಯನ್ನು ತೆಗೆದು, ತಿರುಪುಗಳನ್ನು ಸಡಿಲಿಸಿ, ಒಳಹಲಗೆಯನ್ನು ಮೆಲ್ಲನೆ ಕಿತ್ತು, ನೀರು ಬಾರದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಸುಲಿಯುತ್ತಾನೆ. ಆಗ ಬೀಗದ ಅಂತರಂಗ ತೆರೆದುಕೊಳ್ಳುತ್ತದೆ. ಬೀಗದ ಕೈ ಹೋಗುವ ಕೊಳವೆಗೆ ಗ್ಯಾರೇಜಿನವರು ‘ಬ್ಯಾರಲ್’ ಎನ್ನುತ್ತಾರೆ. ಅದರೊಳಗೆ ತೆಳುವಾದ ಲೋಹದ ಎಲೆಗಳಿವೆ. ಸರಿಯಾದ ಕೈಯ ಹಲ್ಲುಗಳು ತಾಗಿದಾಗ ಮಾತ್ರ ಅವೆಲ್ಲ ಒಂದೇ ಮಟ್ಟಕ್ಕೆ ಬಂದು ಕೊಳವೆ ತಿರುಗುತ್ತದೆ. ಆ ತಿರುವನ್ನು ಒಂದು ತೆಳ್ಳನೆಯ ಕಂಬಿಯು ಬಾಗಿಲಿನ ಅಂಚಿನಲ್ಲಿರುವ ಕೊಕ್ಕೆಯ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಕಂಬಿಯನ್ನು ಅದರ ತಾಣದಲ್ಲಿ ಹಿಡಿದಿಡುವುದು ಉಗುರಿನಷ್ಟು ಸಣ್ಣದಾದ ಒಂದು ಪ್ಲಾಸ್ಟಿಕ್ ಕ್ಲಿಪ್. ವರ್ಷಾನುಗಟ್ಟಲೆ ಬಿಸಿಲಿಗೆ ಕಾದು, ಬಾಗಿಲಿನ ಬಡಿತಕ್ಕೆ ಸಿಕ್ಕಿ, ಬಹಳಷ್ಟು ಸಲ ಮುರಿಯುವುದು ಅದೇ. ಕಂಬಿ ಕಳಚಿ ಬಿದ್ದ ಮೇಲೆ ಬೀಗದ ಕೈಯನ್ನು ಎಷ್ಟು ತಿರುಗಿಸಿದರೂ ಸುದ್ದಿ ಕೊಕ್ಕೆಗೆ ಮುಟ್ಟುವುದಿಲ್ಲ.

“ಲಾಕ್ ಚೆನ್ನಾಗೈತಿ, ಕ್ಲಿಪ್ ಒಂದು ಹೋಗೈತಿ ಅಷ್ಟೆ.” ಇಷ್ಟನ್ನು ಹೇಳಬಲ್ಲ ಮೇಸ್ತ್ರಿ ಅಂದಿನ ಸಂಪಾದನೆಯಲ್ಲಿ ಒಂದು ಪಾಲನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ಏಕೆ ತಂದಿರಿ, ಇದು ಆಸೆಯಲ್ಲವೇ ಎಂದು ಗಂಡನನ್ನು ಪ್ರಶ್ನಿಸಿದಳು. ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅದು ಕದ್ದ ಅಕ್ಕಿಯಲ್ಲ. ಆದರೂ ಅಂದಿನ ದಾಸೋಹಕ್ಕೆ ಬೇಕಾದ ಅಳತೆಯನ್ನು ಅದು ಮೀರಿತ್ತು. ಒಂದು ಕ್ಲಿಪ್ಪಿನಿಂದ ಆಗುವ ಕೆಲಸಕ್ಕೆ ಇಡೀ ಬೀಗವನ್ನು ಮಾರಿದ ಹಣವೂ ಇದೇ ಬಗೆಯದು. ಬೆವರು ಸುರಿಸಿಯೇ ಗಳಿಸಿದ್ದಿರಬಹುದು, ಹಣ ಕೊಟ್ಟವನು ದೂರದೆಯೂ ಇರಬಹುದು. ಲಕ್ಕಮ್ಮನ ಮನೆಯೊಳಗೆ ಮಾತ್ರ ಅದಕ್ಕೆ ಎಡೆಯಿಲ್ಲ.

ಹಾಗೆಂದು ಎಲ್ಲವನ್ನೂ ಅಗ್ಗದಲ್ಲಿ ಮುಗಿಸುವುದೇ ಕಾಯಕಶುದ್ಧಿಯೆಂದು ತಿಳಿಯಬಾರದು. ಅಳತೆ ಮೀರುವುದು ಹೇಗೆ ದೋಷವೋ ಅಳತೆಗೆ ಕಡಿಮೆ ಮಾಡುವುದೂ ಹಾಗೆಯೇ ದೋಷ. ಬಾಗಿಲಿನ ಅಂಚಿನ ಕೊಕ್ಕೆಯು ಕಂಬದ ಮೇಲಿನ ಗೂಟವನ್ನು ಎರಡು ಹಂತಗಳಲ್ಲಿ ಕಚ್ಚಿ ಹಿಡಿಯುತ್ತದೆ. ಮೊದಲ ಸದ್ದು ಅರ್ಧ ಹಿಡಿತದ್ದು, ಎರಡನೆಯದು ಪೂರ್ಣ ಹಿಡಿತದ್ದು. ಕೊಕ್ಕೆಯ ಹಲ್ಲು ಸವೆದಿದ್ದರೆ ಬಾಗಿಲು ಮುಚ್ಚಿದಂತೆ ಕಾಣುತ್ತದೆಯೇ ಹೊರತು ಮುಚ್ಚಿರುವುದಿಲ್ಲ. ಜಾತ್ರೆಯ ರಾತ್ರಿ ತಾಯಿಯ ತೊಡೆಯ ಮೇಲೆ ನಿದ್ದೆಹೋದ ಮಗು ಆ ಬಾಗಿಲಿಗೇ ಒರಗಿರುತ್ತದೆ. ತಿರುವಿನಲ್ಲಿ ಬಾಗಿಲು ತೆರೆದುಕೊಂಡರೆ ಉಳಿಸಿದ ಹಣದಿಂದ ಏನನ್ನೂ ಮರಳಿ ತರಲಾಗದು. ಬಾಗಿಲಿನ ಕೀಲು ಸವೆದು ಬಾಗಿಲೇ ಜೋತುಬಿದ್ದು ಕೊಕ್ಕೆ ಗೂಟಕ್ಕೆ ಸರಿಯಾಗಿ ಕೂರದಿದ್ದರೆ ಕೀಲನ್ನು ಸರಿಪಡಿಸಬೇಕು. ಕೊಕ್ಕೆಯೇ ಸವೆದಿದ್ದರೆ ಅದನ್ನು ಬಡಿದು ಬಗ್ಗಿಸಿ ಸುಧಾರಿಸದೆ ಹೊಸದನ್ನೇ ಹಾಕಬೇಕು. ‘ಹಗ್ಗ ಕಟ್ಟಿಕೊಳ್ಳುತ್ತೇನೆ, ಬಿಡು’ ಎನ್ನುವ ಚಾಲಕನಿಗೆ ‘ಆಗದು’ ಎನ್ನುವ ನಿಷ್ಠುರತೆಯೂ ಕಾಯಕದ ಒಂದು ಅಂಗ. ಶರಣರು ಬಲ್ಲವರಾಗಿದ್ದಂತೆ ನಿಷ್ಠುರಿಗಳೂ ಆಗಿದ್ದರು.

ಬೀಗದ ಆರೈಕೆಯಲ್ಲಿಯೂ ಇದೇ ವಿವೇಕ ಬೇಕು. ಕೈ ಬಿಗಿಯಾದೊಡನೆ ಬ್ಯಾರಲ್ಲಿನೊಳಗೆ ಎಣ್ಣೆ ಸುರಿಯುವುದು ರೂಢಿ. ಅಂದಿಗೆ ಅದು ಸಲೀಸಾಗುತ್ತದೆ. ಆದರೆ ಎಣ್ಣೆಯು ಈ ಸೀಮೆಯ ಕೆಂಪು ಧೂಳನ್ನು ಹಿಡಿದಿಟ್ಟುಕೊಂಡು ಕಾಲಕ್ರಮದಲ್ಲಿ ಅಂಟಾಗುತ್ತದೆ. ಅಲ್ಲಿಗೆ ತಕ್ಕದ್ದು ಒಣಗಿದ ಗ್ರಾಫೈಟ್ ಪುಡಿ. ಗ್ರೀಸಿನ ತಾಣ ಕೊಕ್ಕೆ ಮತ್ತು ಕೀಲುಗಳು. ಸವೆದ ಕೈಯನ್ನು ನೋಡಿ ಮತ್ತೊಂದು ಕೈ ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಆದುದರಿಂದ ಹಳೆಯ ಮೂಲ ಕೈ ಮನೆಯಲ್ಲಿದ್ದರೆ ಅದನ್ನೇ ಮಾದರಿಯಾಗಿ ಕೊಡಬೇಕು. ಗುರುವಿನಿಂದ ಪಡೆಯಬೇಕಾದ ಆಚಾರವನ್ನು ನೆರೆಯವರನ್ನು ನೋಡಿ ಕಲಿತರೆ ಅವರ ಕೊರತೆಯೂ ಕೂಡಿಯೇ ಬರುವುದನ್ನು ಭಕ್ತರು ಬಲ್ಲರು.

ಇನ್ನೊಂದು ಶಂಕೆಯನ್ನು ಕೆಲವರು ಎತ್ತಬಹುದು. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ ಕರುಗಳನ್ನೂ ಕಳಿಸಿಕೊಟ್ಟನೆಂದು ಹೇಳಲಾಗುವ ಬಸವಣ್ಣನ ಅನುಯಾಯಿಗಳಿಗೆ ಬೀಗದ ಚಿಂತೆಯೇಕೆ? ಇದಕ್ಕೆ ಉತ್ತರ ಬಸವಣ್ಣನ ಬದುಕಿನಲ್ಲಿಯೇ ಇದೆ. ಆ ಹಸುಗಳು ಅವನವು, ಅವನು ಕೊಡಬಹುದಾಗಿತ್ತು. ಬಿಜ್ಜಳನ ಭಂಡಾರ ಅವನದಲ್ಲ. ಭಂಡಾರಿಯಾಗಿ ಅದರ ಬೀಗವನ್ನು ಕಾಯ್ದವನೂ ಅವನೇ. ಚಾಡಿಕೋರರ ಮಾತು ಕೇಳಿ ಲೆಕ್ಕ ನೋಡಿದಾಗ ಭಂಡಾರದಲ್ಲಿ ಒಂದಿಷ್ಟೂ ಕೊರತೆ ಕಾಣಲಿಲ್ಲವೆಂದು ಪುರಾಣಗಳು ಹೇಳುತ್ತವೆ. ತನ್ನದನ್ನು ಬಿಟ್ಟುಕೊಡುವ ಔದಾರ್ಯ, ಪರರದನ್ನು ಕಾಯುವ ಎಚ್ಚರ ಇವೆರಡೂ ಒಂದೇ ಮನಸ್ಸಿನಲ್ಲಿ ನೆಲಸಿದ್ದವು. ಹತ್ತು ಮನೆಗಳ ಮಲ್ಲಿಗೆಯನ್ನು ಮಾರಿ ಮರಳುವ ಚಾಲಕನ ಆಸನದಡಿಯಲ್ಲಿರುವ ಹಣವೂ ಅವನದಲ್ಲ. ಚಹಾ ಕುಡಿಯಲು ಇಳಿದ ಐದು ನಿಮಿಷ ಆ ಹಣವನ್ನು ಕಾಯುವುದು ಬಾಗಿಲಿನ ಬೀಗ. ಆದುದರಿಂದ ಅದನ್ನು ಸುಸ್ಥಿತಿಯಲ್ಲಿಡುವುದು ಲೋಭವಲ್ಲ, ನಂಬಿದವರಿಗೆ ಸಲ್ಲಿಸುವ ಋಣ.

ವಾಹನವಿದ್ದ ಭಕ್ತರು ವರ್ಷಕ್ಕೊಮ್ಮೆಯಾದರೂ ಬಾಗಿಲಿನ ಕೊಕ್ಕೆ ಪೂರ್ಣ ಹಿಡಿಯುತ್ತಿದೆಯೇ ಎಂದು ನೋಡಿಸಲಿ. ಗ್ಯಾರೇಜಿನ ಕಾಯಕದವರು ಬಿಚ್ಚಿ ನೋಡದೆ ಬೆಲೆ ಹೇಳದಿರಲಿ. ಕ್ಲಿಪ್ಪಿಗೆ ಕ್ಲಿಪ್, ಕೊಕ್ಕೆಗೆ ಕೊಕ್ಕೆ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಲಕ್ಕಮ್ಮ ತಾಯಿ ಅಳೆದ ಅಳತೆ ಅದೇ.