ಗಪ್ಪಿ ಈದಿದೆ

ಮೀನು ಮೊಟ್ಟೆ ಇಡುತ್ತೆ ಅಂತಲೇ ನಾವೆಲ್ಲ ಸ್ಕೂಲಲ್ಲಿ ಓದಿದ್ದು. ಆದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಪ್ಪಿ, ಮೋಲಿ, ಪ್ಲಾಟಿ ಇವೆಲ್ಲ ನೇರವಾಗಿ ಮರಿಯನ್ನೇ ಹಾಕುತ್ತವೆ. ಮೊಟ್ಟೆ ಹೊಟ್ಟೆಯೊಳಗೇ ಬಲಿತು, ಕಣ್ಣು, ಬಾಲ ಎಲ್ಲ ಇರುವ, ಹುಟ್ಟುತ್ತಲೇ ಈಜಬಲ್ಲ ಮರಿ ಹೊರಗೆ ಬರುತ್ತೆ. ಗಾತ್ರ ಒಂದು ಜೀರಿಗೆ ಕಾಳಿನಷ್ಟು.

ಈ ಸುದ್ದಿ ಆಫೀಸಲ್ಲಿ ಹೇಳಿದರೆ ಯಾರೂ ನಂಬಲ್ಲ. ಸಾಲಿಗ್ರಾಮದಲ್ಲಿರುವ ಅಮ್ಮನಿಗೆ ಮಾತ್ರ ಇದು ವಿಶೇಷ ಅನ್ನಿಸಲೇ ಇಲ್ಲ. "ಈದ್ಬುಡ್ತಾ? ಎಷ್ಟು?" ಅಂದಳು, ಕೊಟ್ಟಿಗೆಯ ಹಸು ಕೇಳಿದ ಹಾಗೆ. ಮೂವತ್ತೆಂಟು ಲೆಕ್ಕಕ್ಕೆ ಸಿಕ್ಕಿದೆ, ಇನ್ನಷ್ಟನ್ನು ತಾಯಿಯೇ ತಿಂದಿರಬಹುದು ಅಂದೆ. "ಬೆಕ್ಕು ತಿನ್ನಕಿಲ್ವಾ, ಹಂಗೇಯ" ಅಂತ ಹೇಳಿ ಮಳೆ ವಿಷಯಕ್ಕೆ ಹೋದಳು.

ಕೆಲಸ ಕಷ್ಟದ್ದೇನಲ್ಲ. ಹೆಣ್ಣು ಗಪ್ಪಿಯ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯೊಂದು ದಿನೇ ದಿನೇ ದಟ್ಟವಾಗುತ್ತೆ. ಹೊಟ್ಟೆ ಚೌಕವಾಗಿ ಕಂಡರೆ ದಿನ ಹತ್ತಿರ ಬಂತು ಅಂತ ಅರ್ಥ. ಸುಮಾರು ನಾಲ್ಕು ವಾರಕ್ಕೊಂದು ಸೂಲು. ಅಂಗಡಿಯವರು ಪ್ಲಾಸ್ಟಿಕ್ಕಿನ ಬಾಣಂತಿ ಡಬ್ಬಿ ಮಾರುತ್ತಾರೆ, ತಾಯಿಯನ್ನ ಅದರಲ್ಲಿ ಕೂಡಿಹಾಕೋಕೆ. ನನಗೆ ಅದು ಸರಿಬರಲಿಲ್ಲ, ಅದರೊಳಗೆ ಆ ಪ್ರಾಣಿ ಹೆದರಿ ಒದ್ದಾಡುತ್ತೆ. ಅದರ ಬದಲು ಜಾವಾ ಮಾಸ್ ಒಂದು ಹಿಡಿ ಹಾಕಿದರೆ ಮರಿಗಳು ತಾವೇ ಅದರೊಳಗೆ ನುಗ್ಗಿ ಅಡಗುತ್ತವೆ. ತಿನ್ನಿಸೋದು ಮಾತ್ರ ದಿನಕ್ಕೆ ಮೂರ್ನಾಲ್ಕು ಸಲ, ಚಿಟಿಕೆ ಚಿಟಿಕೆ. ಬೇಯಿಸಿದ ಮೊಟ್ಟೆಯ ಹಳದಿಯನ್ನ ಬಟ್ಟೆಯಲ್ಲಿ ಸೋಸಿ ಕೊಡಬಹುದು, ಸ್ವಲ್ಪ ಜಾಸ್ತಿಯಾದರೆ ನೀರು ನಾರುತ್ತೆ. ಆರ್ಟೀಮಿಯಾ ಮೊಟ್ಟೆಯನ್ನ ಉಪ್ಪುನೀರಲ್ಲಿ ಒಂದೂವರೆ ದಿನ ಗಾಳಿ ಕೊಟ್ಟು ಮರಿಮಾಡಿ ಹಾಕಿದರೆ ಇನ್ನೂ ಚೆನ್ನ, ಜೀವಂತ ಊಟ. ಫಿಲ್ಟರ್ ಸ್ಪಂಜಿನದೇ ಇರಬೇಕು, ಬೇರೆಯದು ಮರಿಗಳನ್ನ ಎಳೆದುಕೊಂಡುಬಿಡುತ್ತೆ.

ಇನ್ನು ನೀರು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕ್ತೀನಿ. ಈ ನೀರು ನಮ್ಮೂರಿನ ಕಡೆಯದೇ ಅನ್ನೋದು ಆಗಾಗ ನೆನಪಾಗುತ್ತೆ. ಚುಂಚನಕಟ್ಟೆಯಲ್ಲಿ ಧುಮುಕಿ, ಕೆಆರ್‌ಎಸ್‌ನಲ್ಲಿ ನಿಂತು, ಕೊನೆಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬೆಂಗಳೂರಿಗೆ ಹತ್ತಿಬರುವ ಕಾವೇರಿ.

ನಿಜವಾದ ತಲೆನೋವು ಎರಡನೇ ತಿಂಗಳಿಗೆ ಶುರು. ಒಮ್ಮೆ ಕೂಡಿದ ಹೆಣ್ಣು ಗಂಡಿನ ಮುಖ ನೋಡದೆಯೂ ಕೆಲವು ತಿಂಗಳು ಮರಿ ಹಾಕುತ್ತಲೇ ಇರಬಲ್ಲದು, ವೀರ್ಯವನ್ನ ಒಳಗೇ ಕೂಡಿಟ್ಟುಕೊಂಡಿರುತ್ತೆ. ಅಷ್ಟರಲ್ಲಿ ಮೊದಲ ಸೂಲಿನ ಹೆಣ್ಣುಗಳೂ ದೊಡ್ಡವಾಗಿರುತ್ತವೆ. ಎಲ್ಲ ಮರಿಯನ್ನೂ ಉಳಿಸ್ತೀನಿ ಅಂತ ಹೊರಟವನಿಗೆ ಆರು ತಿಂಗಳಲ್ಲಿ ಎಷ್ಟು ಟ್ಯಾಂಕ್ ಬೇಕು ಅಂತ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಬಾಡಿಗೆ ಮನೆಯಲ್ಲಿ ಆಗುವ ಮಾತಲ್ಲ.

"ಊರಿಗೆ ಹೋದಾಗ ಕಾಲುವೆಗೆ ಬಿಡು, ಪುಣ್ಯ ಬರುತ್ತೆ" ಅಂತ ಪಕ್ಕದ ಸೀಟಿನ ಗೆಳೆಯ. ಈ ಪುಣ್ಯವೇ ನನಗೆ ಭಯ. ಗಪ್ಪಿ ದಕ್ಷಿಣ ಅಮೆರಿಕದ ಕಡೆಯದು. ಅದರ ಸೋದರ ಸಂಬಂಧಿ ಗ್ಯಾಂಬೂಸಿಯಾ ಮಲೇರಿಯಾ ಸೊಳ್ಳೆಯ ಮೇಲೆ ಯುದ್ಧಕ್ಕೆ ಅಂತ 1928ರ ಸುಮಾರಿಗೆ ಇಟಲಿಯಿಂದ ಬೆಂಗಳೂರಿಗೆ ಬಂತು. ಇವತ್ತು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬೇರೆ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡೋದಿಲ್ಲ. ಆರೋಗ್ಯ ಇಲಾಖೆಯವರು ಇವತ್ತಿಗೂ ಗಪ್ಪಿ, ಗ್ಯಾಂಬೂಸಿಯಾ ಎರಡನ್ನೂ ಲಾರ್ವಾಹಾರಿ ಮೀನು ಅಂತ ಸಾಕಿ ಬಿಡುತ್ತಾರೆ. ಮುಚ್ಚಿದ ಬಾವಿ, ಸಿಮೆಂಟ್ ತೊಟ್ಟಿಗಾದರೆ ನನ್ನ ತಕರಾರಿಲ್ಲ. ಚಿಕೂನ್‌ಗುನ್ಯಾದಲ್ಲಿ 2006ರಲ್ಲಿ ಊರೂರೇ ಕೀಲು ಹಿಡಿದು ಮಲಗಿದ್ದನ್ನ ನೋಡಿದವನು ನಾನು. ಆದರೆ ಗದ್ದೆ ಕಾಲುವೆಯಲ್ಲಿ ತಲೆ ಮೇಲೆ ಬೆಳ್ಳಿ ಚುಕ್ಕೆ ಇಟ್ಟುಕೊಂಡು ನೀರಿನ ಮೇಲ್ಭಾಗದಲ್ಲೇ ನಿಲ್ಲುವ ಸಣ್ಣ ಮೀನೊಂದಿದೆ, ನೋಡಿರಬಹುದು. ಪುಸ್ತಕದಲ್ಲಿ ಪನ್‌ಚಾಕ್ಸ್ ಅಂತಾರೆ. ಅದೂ ಸೊಳ್ಳೆ ಮರಿಯನ್ನೇ ತಿನ್ನೋದು. ಅದರ ಮನೆಗೆ ನನ್ನ ಮನೆಯ ಹೆಚ್ಚುವರಿ ಮರಿಗಳನ್ನ ತಂದು ಸುರಿಯೋಕೆ ನನಗೆ ಯಾವ ಹಕ್ಕೂ ಇಲ್ಲ.

ಹಾಗಾಗಿ ಈಗ ಮಾಸ್‌ನ ಅರ್ಧ ಕಿತ್ತಿದ್ದೀನಿ. ಅಡಗೋಕೆ ಜಾಗ ಕಡಿಮೆ, ತಾಯಿ ಜೊತೆಗೇ ಇರುತ್ತೆ. ಎಷ್ಟು ಉಳೀತವೋ ಅಷ್ಟು. ಮೊದಲ ಸಲ ಕೂತು ನೋಡೋಕೆ ಆಗಲಿಲ್ಲ, ಲೈಟ್ ಆರಿಸಿ ಎದ್ದು ಹೋದೆ. ಉಳಿದವಕ್ಕೆ ತಿಂಗಳು, ಒಂದೂವರೆ ತಿಂಗಳಾಗುವಾಗ ಗಂಡಿನ ಹೊಟ್ಟೆಯ ಕೆಳಗಿನ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತೆ, ಆಗ ಬೇರೆ ಟ್ಯಾಂಕಿಗೆ ಹಾಕಬೇಕು. ಗಂಡುಗಳಿಗೆ ಬಣ್ಣ ಇರೋದರಿಂದ ಅಂಗಡಿಯವನು ಊಟದ ಪ್ಯಾಕೆಟ್ ಕೊಟ್ಟು ತಗೋತಾನೆ. ಹೆಣ್ಣುಗಳನ್ನ ಕಂಡರೆ ಮುಖ ತಿರುಗಿಸ್ತಾನೆ.

ಈ ಸಲ ಹನ್ನೊಂದು ಉಳಿದಿವೆ. ಎಂಟು ಹೆಣ್ಣು.