ಹಿನ್ನೀರಿಗೆ ಬಂದ ನೆಂಟರು

ಮುನಿರಾಬಾದಿನ ಬಳಿ 1953ರಲ್ಲಿ ಅಣೆಕಟ್ಟಿನ ಹಿಂದೆ ನೀರು ನಿಂತಾಗ, ಹರಿಯುತ್ತಿದ್ದ ತುಂಗಭದ್ರೆಯು ಸುಮಾರು 378 ಚದರ ಕಿಲೋಮೀಟರುಗಳ ಹರಹಿನ ಸರೋವರವಾಗಿ ಮಾರ್ಪಟ್ಟಿತು. ಮುಳುಗಿದ ಊರುಗಳ ಕಥೆ ಆ ಸೀಮೆಯವರಿಗೆ ತಿಳಿದದ್ದೇ. ನೀರೊಳಗಿನ ಒಕ್ಕಲಿನ ಕಥೆಯನ್ನು ಮಾತ್ರ ಕೇಳಿದವರು ವಿರಳ.

ಹೊಳೆಯ ಸೆಳೆತಕ್ಕೆ ಒಗ್ಗಿದ ಮೀನಿಗೆ ನಿಂತ ನೀರು ಪರದೇಶವೇ ಸರಿ. ನೀರುಸಸ್ಯಗಳನ್ನು ಮೇಯುವ, ಶಾಸ್ತ್ರಜ್ಞರು ಪುಂಟಿಯಸ್ ಪುಲ್ಚೆಲ್ಲಸ್ ಎಂದು ಕರೆದ ಗೆಂಡೆಮೀನು ಒಂದು ಕಾಲಕ್ಕೆ ಇಲ್ಲಿ ಹೇರಳವಾಗಿದ್ದು ಕ್ರಮೇಣ ಅಪರೂಪವಾಯಿತು. ಬಲೆ ಬರಿದಾಗಬಾರದೆಂಬ ಸದುದ್ದೇಶದಿಂದ ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿಡಲಾಯಿತು. ಇವರು ಕರೆಸಿಕೊಂಡ ನೆಂಟರು.

ಕರೆಯದೆ ಬಂದವರೂ ಇದ್ದಾರೆ. ಜನರು ಜಿಲೇಬಿ ಎನ್ನುವ ತಿಲಾಪಿಯಾ ಆಫ್ರಿಕಾ ಮೂಲದ್ದು. ಭಾರತಕ್ಕೆ ಬಂದದ್ದು 1952ರಲ್ಲಿ. ಕೆರೆಗಳಲ್ಲಿ ಸಾಕಲೆಂದು ತಂದದ್ದು ಕೋಡಿ ಹರಿದು ಹೊಳೆ ಸೇರಿತು. ಗಂಡು ಗುಂಡಿ ತೋಡಿ ಗೂಡು ಮಾಡಿದರೆ, ಹೆಣ್ಣು ಮೊಟ್ಟೆಗಳನ್ನೂ ಎಳೆಮರಿಗಳನ್ನೂ ಬಾಯಿಯಲ್ಲಿಟ್ಟು ಕಾಯುತ್ತದೆ. ಇಂತಹ ತಾಯ್ತನವನ್ನು ಮೆಚ್ಚದಿರುವುದು ಕಷ್ಟ. ಆದರೆ ಮೊಟ್ಟೆಗಳನ್ನು ನೀರಿನ ಪಾಲಿಗೆ ಬಿಟ್ಟು ಹೋಗುವ ನಾಡಮೀನು ಇದರೊಡನೆ ಹೇಗೆ ಪೈಪೋಟಿ ನಡೆಸೀತು?

ಕಡಲಿನಲ್ಲಿಯೂ ಇದೇ ವಿದ್ಯಮಾನ. ಹಡಗಿನ ತಳಕ್ಕೆ ಅಂಟಿಕೊಂಡೋ, ಸಮತೋಲಕ್ಕೆಂದು ಅದು ತುಂಬಿಕೊಂಡ ನೀರಿನಲ್ಲಡಗಿಯೋ ಚಿಪ್ಪುಜೀವಿಗಳು ಖಂಡಾಂತರ ಹೋಗುತ್ತವೆ. ಅಮೆರಿಕದ ಬಿಸಿ ಕರಾವಳಿಯ ಪಟ್ಟೆಚಿಪ್ಪೊಂದು 1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದಿತು, ಅಲ್ಲಿ ಬೇರೂರಿತು. ಅದೇ ಜೀವಿ 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ನಗರದ ದೋಣಿತಂಗುದಾಣದಲ್ಲಿ ಕಾಣಿಸಿಕೊಂಡಾಗ, ನೀರಿಗಿಳಿದು ಪರಿಶೀಲಿಸುತ್ತಿದ್ದವರ ಕಣ್ಣಿಗೆ ಬೇಗನೆ ಬಿದ್ದಿತು. ಬಾಗಿಲು ಮುಚ್ಚಿ, ಕ್ಲೋರಿನ್ ಮತ್ತು ಮೈಲುತುತ್ತ ಸುರಿದು, ಕೆಲವೇ ವಾರಗಳಲ್ಲಿ ಅದರ ಸಂತತಿಯನ್ನೇ ಅಳಿಸಿದರು. ಅದರೊಡನೆ ಆ ನೀರಿನ ಇತರ ಜೀವಿಗಳೂ ಸತ್ತವು. ಆ ಬೆಲೆಯನ್ನು ತಿಳಿದೇ ತೆತ್ತರು.

ಆ ತಂಗುದಾಣಕ್ಕೆ ಮುಚ್ಚಲು ಬರುವಂಥ ಬಾಗಿಲಿತ್ತು. ತುಂಗಭದ್ರೆಗೂ 33 ತೂಬುಬಾಗಿಲುಗಳಿವೆ. ಅವು ನೀರನ್ನು ತಡೆದಾವೇ ಹೊರತು ಮೇಲಿನ ಕೆರೆಗಳಿಂದ ಕೊಚ್ಚಿಬರುವ ಮರಿಗಳನ್ನಲ್ಲ. ಕುಡಿಯುವ ನೀರಿಗೆ ಮೈಲುತುತ್ತ ಸುರಿಯುವ ಮಾತಂತೂ ದೂರ. ಬೆಸ್ತನಾದರೂ ಜಿಲೇಬಿಯನ್ನು ಬೈದುಕೊಂಡೇ ಬುಟ್ಟಿಗೆ ಹಾಕಬೇಕು. ಸಂತೆಯಲ್ಲಿ ಅದಕ್ಕೂ ಕೊಳ್ಳುವವರುಂಟು, ಅವನ ಮನೆಯಲ್ಲಿ ಉಣ್ಣುವವರುಂಟು. ಉಳಿದಿರುವ ಉಪಾಯ ಲೆಕ್ಕವೊಂದೇ: ದಡಕ್ಕೆ ಬಂದ ಮೀನನ್ನು ಜಾತಿಜಾತಿಯಾಗಿ ವಿಂಗಡಿಸಿ, ತೂಗಿ, ಬರೆದಿಡುವುದು. ಹಾಗೆ ಬರೆದಿಟ್ಟ ಹಳೆಯ ಲೆಕ್ಕದಿಂದಲೇ ಆ ಗೆಂಡೆಮೀನು ಕಡಿಮೆಯಾದದ್ದು ಗೊತ್ತಾದದ್ದು.